ಕಾಲುಸಂಕ ಮತ್ತು ಗ್ರಾಮಸಭೆಯ ನಡಾವಳಿ

ಐದು ವರ್ಷಕ್ಕೊಮ್ಮೆ ಮತ ಹಾಕಿ ಪ್ರತಿನಿಧಿಯನ್ನು ಆರಿಸುವುದು ಪ್ರಜಾಪ್ರಭುತ್ವದ ಒಂದು ಕೆಲಸವಾದರೆ, ಆ ಐದು ವರ್ಷಗಳಲ್ಲಿ ಯಾವ ಕೇರಿಗೆ ರಸ್ತೆ, ಯಾವ ತೋಡಿಗೆ ಸೇತುವೆ ಎಂದು ತೀರ್ಮಾನಿಸುವಾಗ ಮತದಾರರೂ ಕೂತು ಮಾತಾಡುವುದು ಅದರ ಇನ್ನೊಂದು ಕೆಲಸ. ಕರ್ನಾಟಕದ 1993ರ ಪಂಚಾಯತ್ ರಾಜ್ ಕಾಯ್ದೆ ಇದಕ್ಕೆಂದೇ ಗ್ರಾಮಸಭೆಗೆ, ಅಂದರೆ ಊರಿನ ಮತದಾರರೆಲ್ಲರೂ ಸದಸ್ಯರಾಗಿರುವ ಸಭೆಗೆ, ಜಾಗ ಕೊಟ್ಟಿದೆ.

ಮತದ ಹಕ್ಕಿಲ್ಲದವರೂ ಇದರಲ್ಲಿ ಪಾಲು ಕೇಳಬಹುದೆಂಬುದಕ್ಕೆ ಉಡುಪಿ ಜಿಲ್ಲೆಯ ಕುಂದಾಪುರವೇ ಸಾಕ್ಷಿ. ದುಡಿಯುವ ಮಕ್ಕಳು 1990ರಲ್ಲಿ ಕಟ್ಟಿಕೊಂಡ ಭೀಮ ಸಂಘ ಮತ್ತು ಅದಕ್ಕೆ ಬೆಂಬಲವಾಗಿದ್ದ 'ದಿ ಕನ್ಸರ್ನ್ಡ್ ಫಾರ್ ವರ್ಕಿಂಗ್ ಚಿಲ್ಡ್ರನ್' ಸಂಸ್ಥೆಯ ಪ್ರಯತ್ನದಿಂದ 1990ರ ದಶಕದ ಮಧ್ಯಭಾಗದಲ್ಲಿ ಈ ತಾಲ್ಲೂಕಿನ ಕೆಲವೆಡೆ ಮಕ್ಕಳೇ ಆರಿಸಿದ ಮಕ್ಕಳ ಪಂಚಾಯತ್‌ಗಳು ಹುಟ್ಟಿಕೊಂಡವು (ಬೈಂದೂರು ಆಗಿನ್ನೂ ಕುಂದಾಪುರ ತಾಲ್ಲೂಕಿನೊಳಗಿತ್ತು, ಅದು ಪ್ರತ್ಯೇಕ ತಾಲ್ಲೂಕಾಗಿ ಕೆಲಸ ಆರಂಭಿಸಿದ್ದು 2018ರಲ್ಲಿ). ಬೇಡಿಕೆಪಟ್ಟಿ ಒಪ್ಪಿಸಿ ಸುಮ್ಮನಾಗದೆ ಮಕ್ಕಳು ಊರಿನ ಸಮೀಕ್ಷೆ ಮಾಡಿ, ನಕ್ಷೆ ಬರೆದು, ಹಿರಿಯರು ಲೆಕ್ಕಕ್ಕೆ ತೆಗೆದುಕೊಳ್ಳದ ಸಂಗತಿಗಳನ್ನು ಪಂಚಾಯತ್ ಮುಂದಿಟ್ಟದ್ದರಿಂದ ಅವರ ಮಾತಿಗೆ ತೂಕ ಬಂದಿತು. 2006ರಲ್ಲಿ ರಾಜ್ಯ ಸರ್ಕಾರ ಎಲ್ಲ ಗ್ರಾಮ ಪಂಚಾಯತ್‌ಗಳಲ್ಲೂ ಮಕ್ಕಳ ಗ್ರಾಮಸಭೆ ನಡೆಸಬೇಕೆಂದು ಆದೇಶಿಸಿತು.

ಆ ಕಾಗದದ ನಕ್ಷೆಯ ಕೆಲಸವನ್ನು ಈಗ ಮೊಬೈಲು ಮಾಡಬಲ್ಲದು. ಈ ಭಾಗದ ಕಾಲುಸಂಕವನ್ನೇ ನೋಡಬಹುದು: ತೋಡಿನ ಎರಡು ದಡಗಳಿಗೆ ಅಡ್ಡಲಾಗಿ ಅಡಿಕೆ ಮರದ ಕಾಂಡಗಳನ್ನೋ ಹಲಗೆಯನ್ನೋ ಹಾಕಿ ಕಟ್ಟಿದ ಈ ದಾಟು ಬೇಸಿಗೆಯಲ್ಲಿ ಯಾರ ಕಣ್ಣಿಗೂ ಬೀಳುವುದಿಲ್ಲ, ಆಷಾಢದ ಮಳೆಗೆ ಅದೇ ಶಾಲೆಯ ಏಕೈಕ ದಾರಿಯಾಗುತ್ತದೆ. 2022ರ ಮಳೆಗಾಲದಲ್ಲಿ ಬೈಂದೂರು ತಾಲ್ಲೂಕಿನಲ್ಲಿ ಶಾಲಾ ಬಾಲಕಿಯೊಬ್ಬಳು ಕಾಲುಸಂಕದಿಂದ ಬಿದ್ದು ನೀರುಪಾಲಾದ ಮೇಲಷ್ಟೇ ಇಂಥ ಸಂಕಗಳ ಮಾತು ಜಿಲ್ಲೆಯಲ್ಲಿ ದೊಡ್ಡದಾಗಿ ಎದ್ದಿತು. ಸ್ಥಳ, ದಿನಾಂಕ, ನೀರಿನ ಮಟ್ಟ ಕಾಣುವ ಒಂದು ಫೋಟೊ, ಅದನ್ನು ದಾಟುವ ಮಕ್ಕಳ ಸಂಖ್ಯೆ ಇಷ್ಟು ಜೊತೆಗಿದ್ದರೆ, ಬೇಸಿಗೆಯಲ್ಲಿ ಅಂದಾಜುಪಟ್ಟಿ ಮಾಡುವ ಎಂಜಿನಿಯರು 'ಇಲ್ಲಿ ನೀರೇ ಇಲ್ಲವಲ್ಲ' ಎನ್ನಲಾಗದು.

ಆದರೆ ಆ ಫೋಟೊ ಊರಿನ ವಾಟ್ಸ್ಆ್ಯಪ್ ಗುಂಪಿನಲ್ಲೇ ಉಳಿದರೆ ಅದಕ್ಕೆ ಕಾನೂನಿನ ಬೆಲೆಯಿಲ್ಲ. ಅದು ವಾರ್ಡ್ ಸಭೆಯಲ್ಲಿ ಮಂಡನೆಯಾಗಿ, ಗ್ರಾಮಸಭೆಯ ನಡಾವಳಿ ಪುಸ್ತಕದಲ್ಲಿ ದಾಖಲಾಗಿ, ಪಂಚಾಯತಿನ ವಾರ್ಷಿಕ ಕ್ರಿಯಾಯೋಜನೆಗೆ ಸೇರಿದಾಗ ಮಾತ್ರ ಹಣಕ್ಕೆ ದಾರಿಯಾಗುತ್ತದೆ. ಸೇರದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಹತ್ತು ರೂಪಾಯಿ ಶುಲ್ಕ ಕಟ್ಟಿ ಕಾರಣ ತೋರಿಸುವ ದಾಖಲೆ ಕೇಳಬಹುದು, ಅದಕ್ಕೆ 30 ದಿನದೊಳಗೆ ಉತ್ತರ ಬರಬೇಕು. ರಾಜ್ಯ ಸರ್ಕಾರದ ಸಹಾಯವಾಣಿ 1902ಕ್ಕೆ ಕರೆ ಮಾಡಿ ದೂರು ದಾಖಲಿಸುವ ವ್ಯವಸ್ಥೆಯೂ ಇದೆ. ಕೆಟ್ಟ ಬೀದಿದೀಪಕ್ಕೆ ಅದು ಸಾಕು. ಹತ್ತು ಸಂಕಗಳಲ್ಲಿ ಮೊದಲು ಯಾವುದು ಎಂಬ ಪ್ರಶ್ನೆಗೆ ಸಾಲದು, ಏಕೆಂದರೆ ದೂರುದಾರ ತನ್ನ ತೋಡನ್ನಷ್ಟೇ ಬಲ್ಲ, ಉಳಿದ ಒಂಬತ್ತರ ಮಾತು ಕೇಳಿಸುವುದು ಸಭೆಯಲ್ಲಿ.

ತೊಡಕಿರುವುದು ಆ ಸಭೆಯ ಹಾಜರಿಯಲ್ಲೇ. ಬೆಂಗಳೂರು, ಮುಂಬಯಿಗಳ ಹೋಟೆಲುಗಳಲ್ಲಿ ದುಡಿಯುವ ಊರಿನವರು ವಾಟ್ಸ್ಆ್ಯಪ್ ಗುಂಪಿನಲ್ಲಿ ದೊಡ್ಡ ದನಿಯವರು, ಆದರೆ ಸಭೆಗೆ ಬರಲಾರರು. ಗೋಡಂಬಿ ಕಾರ್ಖಾನೆಯ ಹೆಂಗಸರಿಗೂ ಗಂಗೊಳ್ಳಿಯ ಬೋಟಿನವರಿಗೂ ಕೆಲಸದ ದಿನ ಸಭೆಗೆ ಬರುವುದೆಂದರೆ ಅಂದಿನ ಸಂಬಳ ಬಿಟ್ಟಂತೆ. ಹೊಸದೊಂದು ಆ್ಯಪ್ ತರುವುದಕ್ಕಿಂತ ಸಭೆಯ ದಿನ, ವಿಷಯಪಟ್ಟಿ, ಹಿಂದಿನ ಸಭೆಯ ತೀರ್ಮಾನಗಳು ಏನಾದವೆಂಬ ವಿವರ ಇವನ್ನು ಒಂದು ವಾರ ಮೊದಲೇ ಎಲ್ಲರ ಮೊಬೈಲಿಗೆ ಕಳಿಸಿ, ನೆಟ್‌ವರ್ಕ್ ಸಿಗದ ಘಟ್ಟದ ಬುಡದ ಮನೆಗಳಿಗೆ ಅಂಗನವಾಡಿಯ ಗೋಡೆಯ ಮೇಲೆ ಅಂಟಿಸಿ, ಸಭೆಯನ್ನು ಭಾನುವಾರಕ್ಕೆ ಇಟ್ಟುಕೊಳ್ಳುವುದು ಅಗ್ಗದ ಸುಧಾರಣೆ.