ಉದ್ರಿ ವಹಿಯೂ ಹೊಳೆಯ ಪಾಲು

ಉತ್ತರ ಕರ್ನಾಟಕದ ಹಳ್ಳಿಗಳ ಕಿರಾಣಿ ಅಂಗಡಿಗಳಿಗೆ ನಾಗರ ಪಂಚಮಿ ಎಂದರೆ ಕೈಬಿಡುವಿಲ್ಲದ ವ್ಯಾಪಾರ. ಶೇಂಗಾ, ಪುಟಾಣಿ, ಎಳ್ಳು, ಬೆಲ್ಲ, ಒಣಕೊಬ್ಬರಿ, ಯಾಲಕ್ಕಿ. ಮನೆಮನೆಯಲ್ಲೂ ಉಂಡಿ ಕಟ್ಟಬೇಕು, ತವರಿಗೆ ಬಂದ ಹೆಣ್ಣುಮಕ್ಕಳಿಗೆ ಡಬ್ಬಿ ತುಂಬಿ ಕಳಿಸಬೇಕು. ಅಷ್ಟೂ ಸರಕನ್ನು ಅಂಗಡಿಯವನು ಸಗಟು ವ್ಯಾಪಾರಿಯಿಂದ ಉದ್ರಿ ತರುತ್ತಾನೆ, ಊರಿಗೆ ಉದ್ರಿ ಕೊಡುತ್ತಾನೆ. ಹೆಸರುಕಾಳು ಕೈಗೆ ಬಂದ ಮೇಲೋ, ಕೂಲಿಯ ಬಟವಾಡೆ ಆದ ಮೇಲೋ ಜನ ತೀರಿಸುತ್ತಾರೆ. 2019ರಲ್ಲಿ ಪಂಚಮಿ ಬಂದದ್ದು ಆಗಸ್ಟ್ 5ರ ಸೋಮವಾರ. ಉಂಡಿ ಡಬ್ಬಿಗಳು ಇನ್ನೂ ಖಾಲಿಯಾಗಿರಲಿಲ್ಲ, ಅದೇ ವಾರ ಮಲಪ್ರಭೆ, ಘಟಪ್ರಭೆ, ಕೃಷ್ಣೆ ಮೂರೂ ದಂಡೆ ಮೀರಿದವು. ಅಂಗಡಿಗಳ ಹಣವೆಲ್ಲ ಊರಿನ ಕೈಯಲ್ಲಿತ್ತು, ಸಗಟು ವ್ಯಾಪಾರಿಯ ಸಾಲವೆಲ್ಲ ಅಂಗಡಿಗಳ ತಲೆಯ ಮೇಲಿತ್ತು. ನೆರೆಗೆ ತಿಥಿ ನೋಡುವ ಅಭ್ಯಾಸವಿದ್ದರೂ ಇದಕ್ಕಿಂತ ಕೆಟ್ಟ ವಾರ ಅದಕ್ಕೆ ಸಿಗುತ್ತಿರಲಿಲ್ಲ.

ಮಲಪ್ರಭೆಯ ದಂಡೆಯ ಒಂದು ಊರಿನಲ್ಲಿ ನನ್ನ ಸೋದರಮಾವನ ಅಂಗಡಿಯಿತ್ತು. ಅವರ ಅಪ್ಪ ಹಾಕಿದ್ದು. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಒಂದು ಬಾಗಿಲು. ಊಟಕ್ಕೆ ಕೂತವರು ಗಿರಾಕಿ ಕೂಗಿದರೆ ಎದ್ದು ಹೋಗಿ ಕಾಲು ಕಿಲೋ ಸಕ್ಕರೆ ತೂಗಿ ಬಂದು ಮತ್ತೆ ತಾಟಿನ ಮುಂದೆ ಕೂರುವ ಮನೆ ಅದು. ಇಂಥ ವ್ಯಾಪಾರದಲ್ಲಿ ಸಂಬಳ ಎಂಬುದಿಲ್ಲ, ಲಾಭ ಎಂಬುದೂ ಬೇರೆಯಾಗಿ ಕಾಣುವುದಿಲ್ಲ. ಮಗಳ ಕಾಲೇಜಿನ ಫೀಸು ಗಲ್ಲೆಯಿಂದ ಹೋಗುತ್ತದೆ, ಗಲ್ಲೆ ಖಾಲಿಯಾದರೆ ಅತ್ತೆಯ ಬಂಗಾರ ಬ್ಯಾಂಕಿಗೆ ಹೋಗುತ್ತದೆ.

ಮಲಪ್ರಭೆಯನ್ನು ನೋಡದವರು ಇಂಥ ಅಂಗಡಿ ಮುಳುಗಿದ್ದನ್ನು ಹೊಳೆಯ ಮಗ್ಗುಲಿಗೆ ಅಂಗಡಿ ಕಟ್ಟಿದವರ ತಪ್ಪು ಎಂದಾರು. ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟಿ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವ ಈ ನದಿ ತನ್ನ ಜನರಿಗೆ ಕಲಿಸಿದ್ದು ನೀರಿನ ಭಯವನ್ನಲ್ಲ, ನೀರಿನ ಬರವನ್ನು. ನವಿಲುತೀರ್ಥದ ಜಲಾಶಯಕ್ಕೆ 37.73 ಟಿಎಂಸಿ ಹಿಡಿಯುವ ಶಕ್ತಿ ಇದೆ, ಆ ವರ್ಷದವರೆಗೆ ಅದು ತುಂಬಿದ್ದು ಅಪರೂಪ. ತುಂಬುವುದಿಲ್ಲ ಎಂದೇ ಕಳಸಾ–ಬಂಡೂರಿ ನಾಲೆಗಳಿಂದ ಮಹದಾಯಿಯ ನೀರು ತಿರುಗಿಸಿ ಎಂದು 2015ರಿಂದ ನರಗುಂದದಲ್ಲಿ ರೈತರು ಧರಣಿ ಕೂತರು. ನದಿ ಬತ್ತಿದ ವರ್ಷಗಳಲ್ಲಿ ಪಾತ್ರದೊಳಗೇ ನೇಗಿಲು ಇಳಿಯಿತು, ಉಳಿದ ಜಾಗವನ್ನು ಜಾಲಿ ಕಂಟಿ ಹಿಡಿಯಿತು. ಹೊಳೆ ಹಳ್ಳದಷ್ಟು ಕಿರಿದಾದಾಗ ಖಾನಾಪುರದ ಕಾಡಿನಲ್ಲಿ ಬಿಡದೆ ಮಳೆ ಹೊಯ್ದು, ಜಲಾಶಯದ ಗೇಟುಗಳನ್ನು ಎತ್ತಬೇಕಾಗಿ ಬಂದರೆ, ಆ ನೀರು ಹೋಗುವುದಾದರೂ ಎಲ್ಲಿಗೆ? ಕೊಣ್ಣೂರು, ಹೊಳೆಆಲೂರು, ಗೋವನಕೊಪ್ಪ, ಚೊಳಚಗುಡ್ಡಕ್ಕೆ ಹೋಯಿತು. ಪಟ್ಟದಕಲ್ಲಿನ ಗುಡಿಗಳ ಅಂಗಳದಲ್ಲೂ ನಿಂತಿತು.

ಡಂಗುರ ಸಾರಿದ್ದರು, ಅದನ್ನು ಮರೆಮಾಚಬಾರದು. ಆದರೆ ಸಾಮಾನು ಎಷ್ಟು ಎತ್ತರಕ್ಕೆ ಏರಿಸಬೇಕು ಎಂಬುದಕ್ಕೆ ಊರಿನವರ ಬಳಿ ಇದ್ದದ್ದು 2009ರ ಅಳತೆ. ಆ ವರ್ಷದ ನೆರೆಯಲ್ಲಿ ನೀರು ಅಂಗಡಿಯ ಎರಡನೇ ಫಳಿಗೆ ಬಂದು ನಿಂತಿತ್ತು. ಮಾವ ಗೋಡೆಯ ಮೇಲಿನ ಆ ಕಲೆಗೆ ಸುಣ್ಣ ಹೊಡೆಸಿರಲಿಲ್ಲ. ಬೇಳೆ, ಸಕ್ಕರೆ, ಎಣ್ಣೆ ಡಬ್ಬಿಗಳೆಲ್ಲ ಕಲೆಗಿಂತ ಮೇಲಿನ ಫಳಿಗಳಿಗೆ ಏರಿದವು. ಆಮೇಲೆ ಎಮ್ಮೆಗಳನ್ನೂ ಅಜ್ಜಿಯನ್ನೂ ಕರೆದುಕೊಂಡು ಎತ್ತರದ ಶಾಲೆಗೆ ಹೋದರು. ನೀರು ಆ ಕಲೆಯನ್ನೂ ದಾಟಿ ಏರಿತು. ಹಳೆಯ ಕಲೆಯನ್ನು ನಂಬಿದ ಅಂಗಡಿಗಳೇ ಆ ಸಲ ಹೆಚ್ಚು ಕಳೆದುಕೊಂಡವು. ಏನೂ ಗೊತ್ತಿಲ್ಲದವರು ಹೆದರಿ ಸಿಕ್ಕಷ್ಟನ್ನು ಟ್ರ್ಯಾಕ್ಟರಿಗೆ ಹೇರಿಕೊಂಡು ಹೋಗಿದ್ದರು.

ನೀರು ಇಳಿದ ಮೇಲೆ ಕಿರಾಣಿ ಅಂಗಡಿಯ ಶಟರು ಎತ್ತುವುದು ಒಂದು ಸಾಹಸ. ಒಳಗೆ ತೊಗರಿಬೇಳೆ ಉಬ್ಬಿ ಚೀಲ ಹರಿದಿರುತ್ತದೆ. ಅಕ್ಕಿ ಹುಳಿತಿರುತ್ತದೆ, ಆ ವಾಸನೆ ರಸ್ತೆಗೇ ಬರುತ್ತದೆ. ಉಪ್ಪು, ಸಕ್ಕರೆಯ ಚೀಲಗಳು ಮಾತ್ರ ಅಚ್ಚುಕಟ್ಟಾಗಿ ಮಡಚಿಟ್ಟ ಹಾಗೆ ಖಾಲಿ ಬಿದ್ದಿರುತ್ತವೆ, ಕರಗಿ ಹೋದದ್ದಕ್ಕೆ ಗುರುತೂ ಇಲ್ಲ. ಮಾವನ ಅಂಗಡಿಯಲ್ಲಿ ಎಣ್ಣೆಯ ಡಬ್ಬಿಗಳು ತೇಲಿ ಎಲ್ಲೋ ಮೂಲೆಗೆ ಹೋಗಿ ಸೇರಿಕೊಂಡಿದ್ದವು. ಅವಷ್ಟೇ ಮಾರುವ ಸ್ಥಿತಿಯಲ್ಲಿದ್ದದ್ದು, ಆದರೆ ನೆರೆಯಲ್ಲಿ ಮುಳುಗಿದ ಅಂಗಡಿಯ ಎಣ್ಣೆ ಎಂದು ಯಾರೂ ಕೊಳ್ಳಲಿಲ್ಲ. ನೆಲದ ಮೇಲೆ ಎರೆಮಣ್ಣಿನ ರಾಡಿ. ಹಸಿ ಇದ್ದಾಗಲೇ ಎಳೆದು ಹಾಕಬೇಕು, ಒಣಗಿತೆಂದರೆ ಗುದ್ದಲಿಗೂ ಬಗ್ಗುವುದಿಲ್ಲ. ಪಕ್ಕದ ಹಿಟ್ಟಿನ ಗಿರಣಿಯ ಕಲ್ಲಿಗೆ ಏನೂ ಆಗಿರಲಿಲ್ಲ, ಮೋಟಾರು ಸುಡದಂತೆ ಬಿಚ್ಚಿ ರಿವೈಂಡಿಂಗಿಗೆ ಒಯ್ಯಬೇಕಿತ್ತು. ಸುತ್ತಲಿನ ಊರುಗಳ ಗಿರಣಿ, ಪಂಪ್‌ಸೆಟ್, ಮಗ್ಗಗಳ ಮೋಟಾರುಗಳೆಲ್ಲ ಆ ವಾರ ಒಂದೇ ರಿವೈಂಡಿಂಗ್ ಅಂಗಡಿಯ ಮುಂದೆ ಸಾಲಾಗಿ ಕೂತಿದ್ದವು.

ಉದ್ರಿ ವಹಿ ಗಲ್ಲೆಯ ಕೆಳಗಿನ ಖಾನೆಯಲ್ಲಿತ್ತು. ಕೆಂಪು ಬಟ್ಟೆಯ ರಟ್ಟಿನ ಉದ್ದನೆಯ ಪುಸ್ತಕ. ಸಿಕ್ಕಾಗ ಅದು ಇಟ್ಟಿಗೆಯಂತೆ ಒಂದೇ ಗಟ್ಟಿಯಾಗಿತ್ತು. ಅತ್ತೆ ಅದನ್ನು ಬಿಸಿಲಿಗಿಟ್ಟು, ಹಾಳೆಗಳ ನಡುವೆ ಹೆಣಿಗೆಯ ಸೂಜಿ ತೂರಿಸಿ ಬಿಡಿಸಲು ನೋಡಿದರು. ಬಿಡಿಸಿದ ಹಾಳೆಗಳಲ್ಲಿ ಕೆಲವು ಹೆಸರುಗಳಿದ್ದವು, ಮೊತ್ತಗಳಿರಲಿಲ್ಲ. ಕೆಲವು ಕಡೆ ಮೊತ್ತ ಉಳಿದು ಹೆಸರೇ ನೀಲಿಯಾಗಿ ಹರಡಿತ್ತು. ಹೆಸರುಗಳೂ ರೇಷನ್ ಕಾರ್ಡಿನ ಹೆಸರುಗಳಲ್ಲ, ‘ಮೇಲಿನಮನಿ ಸಣ್ಣಕ್ಕ’, ‘ಕೊನೀ ಓಣಿ ಮೇಷ್ಟ್ರು’ ಎಂಬಂಥವು. ಓದಬಲ್ಲವರು ಮಾವ ಒಬ್ಬರೇ.

ಅಂಗಡಿಯವನು ಕೊಡಬೇಕಾದ ಸಾಲಕ್ಕೆ ಪುರಾವೆಗಳು ಎತ್ತರದ ಜಾಗದಲ್ಲಿರುತ್ತವೆ: ಸಗಟು ವ್ಯಾಪಾರಿಯ ಕಂಪ್ಯೂಟರಿನಲ್ಲಿ, ಬ್ಯಾಂಕಿನ ಸರ್ವರಿನಲ್ಲಿ, ಚೀಟಿ ನಡೆಸುವವನ ಡೈರಿಯಲ್ಲಿ. ಅವನಿಗೆ ಬರಬೇಕಾದದ್ದಕ್ಕೆ ಇರುವ ಒಂದೇ ಪುರಾವೆ ಹೊಳೆಯ ಮಟ್ಟದಲ್ಲಿರುತ್ತದೆ. ನೆರೆ ಬಂದಾಗ ಸರಕು ಹೋಗುತ್ತದೆ, ಬರಬೇಕಾದ ಹಣ ಹೋಗುತ್ತದೆ, ಕೊಡಬೇಕಾದ ಹಣ ಮಾತ್ರ ನೆನೆಯದೆ ಉಳಿಯುತ್ತದೆ. ಸಣ್ಣ ವ್ಯಾಪಾರ ನೆರೆಯಲ್ಲಿ ಮುಳುಗುವುದು ಎಂದರೆ ಇದು. ಟಿವಿಯಲ್ಲಿ ತೋರಿಸಿದ ತೇಲುವ ಡಬ್ಬಿ, ಬಿದ್ದ ಗೋಡೆಗಳಲ್ಲಿ ಈ ನಷ್ಟ ಕಾಣಿಸುವುದಿಲ್ಲ.

ಜನ ಮೋಸ ಮಾಡಿದರು ಎಂದೂ ಹೇಳಲಾಗದು. ಕೆಲವರು ತಾವಾಗಿ ಬಂದು, ‘ನಮ್ದು ಇಷ್ಟಿತ್ತು ನೋಡ್ರಿ’ ಎಂದು ಹೇಳಿ ಹೋದರು. ಇನ್ನು ಕೆಲವರ ಮನೆಯೇ ಇರಲಿಲ್ಲ, ಪರಿಹಾರ ಕೇಂದ್ರದಲ್ಲಿ ಅನ್ನಕ್ಕೆ ಸಾಲು ನಿಂತವರ ಹತ್ತಿರ ಬೆಲ್ಲದ ಬಾಕಿ ಕೇಳುವ ಬಾಯಿ ಮಾವನಿಗೆ ಇರಲಿಲ್ಲ. ಕೇಳಿದರೆ ತಾನೇ ಅಲ್ಲಿಯವರೆಗೆ ಉದ್ರಿ ಕೊಟ್ಟು ಗಳಿಸಿದ ಮರ್ಯಾದೆಯನ್ನು ಹೊಳೆಗೆ ಹಾಕಿದಂತೆ ಎಂದು ಅವರ ಲೆಕ್ಕ.

ಪರಿಹಾರದ ಲೆಕ್ಕ ಬೇರೆ. ನೆರೆಗೆ ಸಿಕ್ಕ ಕುಟುಂಬಕ್ಕೆ ತುರ್ತಾಗಿ 10 ಸಾವಿರ ರೂಪಾಯಿ, ಪೂರ್ತಿ ಬಿದ್ದ ಮನೆ ಕಟ್ಟಿಕೊಳ್ಳಲು 5 ಲಕ್ಷ ಎಂದು ರಾಜ್ಯ ಸರ್ಕಾರ ಘೋಷಿಸಿತು. ಅಂಗಡಿಯ ಹಿಂದೆ ಮನೆ ಇದ್ದದ್ದರಿಂದ ಮಾವನಿಗೂ 10 ಸಾವಿರ ಬಂತು. ಗೋಡೆ ಬಿದ್ದಿರಲಿಲ್ಲ, ಅಲ್ಲಿಗೆ ಮುಗಿಯಿತು. ‘ಮನಿಗೆ ನೀರು ಬಂದದ್ದಕ್ಕ ಲೆಕ್ಕ ಐತಿ, ಹೊಲಕ್ಕ ಬಂದದ್ದಕ್ಕ ಲೆಕ್ಕ ಐತಿ, ಅಂಗಡಿ ಅನ್ನೂದು ಎರಡರೊಳಗ ಯಾವದೂ ಅಲ್ಲ’ ಎಂದು ಅವರು ಹೇಳಿದ್ದು ಸಿಟ್ಟಿನ ಮಾತು ಎಂದುಕೊಂಡಿದ್ದೆ. ವಿಪತ್ತು ಪರಿಹಾರ ನಿಧಿಯ ಕೇಂದ್ರದ ಮಾರ್ಗಸೂಚಿ ತೆಗೆದು ನೋಡಿದರೆ ಅದು ಬರೀ ವರದಿ. ಬೆಳೆ, ಜಾನುವಾರು, ಮೀನುಗಾರರ ದೋಣಿ–ಬಲೆ, ಮನೆ, ರಸ್ತೆ ಎಲ್ಲಕ್ಕೂ ದರ ಇದೆ. ವ್ಯಾಪಾರಿಯ ಸರಕಿಗೆ ಇಲ್ಲ. ಆ ವರ್ಷ ರಾಜ್ಯ ಅಂದಾಜಿಸಿದ ಒಟ್ಟು ನಷ್ಟ 35 ಸಾವಿರ ಕೋಟಿ ರೂಪಾಯಿಗೂ ಹೆಚ್ಚು. ಕೇಂದ್ರದಿಂದ ಮಧ್ಯಂತರವಾಗಿ ಮೊದಲು ಬಂದದ್ದು 1,200 ಕೋಟಿ. ಹಾಗಿರುವಾಗ ದರಪಟ್ಟಿಯಲ್ಲೇ ಇಲ್ಲದವನು ಯಾವ ಸಾಲಿನಲ್ಲಿ ನಿಲ್ಲಬೇಕು?

ನೇಕಾರರಿಗೆ ಪಟ್ಟಿಯಲ್ಲಿ ಒಂದು ಸಾಲು ಇತ್ತು: ಹಾಳಾದ ಸಲಕರಣೆಗೆ 4,100 ರೂಪಾಯಿ, ಹಾಳಾದ ಕಚ್ಚಾಮಾಲು ಅಥವಾ ಬಟ್ಟೆಗೆ 4,100 ರೂಪಾಯಿ. ರಾಜ್ಯ ತನ್ನ ಕಡೆಯಿಂದ ಮಗ್ಗಕ್ಕೆ ಹೆಚ್ಚಿನ ಮೊತ್ತ ಘೋಷಿಸಿತು ನಿಜ. ರಾಮದುರ್ಗದ ನೇಕಾರರ ಓಣಿಗಳಲ್ಲಿ ಆಗ ಏನಾಗಿತ್ತೆಂದು ನೋಡಿದರೆ ಈ ಅಂಕಿಗಳ ಅಳತೆ ತಿಳಿಯುತ್ತದೆ. ಕುಣಿಮಗ್ಗದಲ್ಲಿ ನೇಕಾರ ಕಾಲು ಇಳಿಬಿಟ್ಟು ಕೂರುವುದು ನೆಲದ ಕುಣಿಯೊಳಗೆ. ನೆರೆಯ ನೀರು ಮನೆಯಲ್ಲಿ ಮೊದಲು ತುಂಬುವ ಜಾಗ ಅದು, ಕೊನೆಗೆ ಆರುವ ಜಾಗವೂ ಅದೇ. ರಾಡಿಯನ್ನು ಬುಟ್ಟಿಯಲ್ಲಿ ಎತ್ತಿ ಹಾಕಿದ ಮೇಲೂ ತೇವ ಹೋಗುವುದಿಲ್ಲ, ಮರ ಉಬ್ಬಿ ಸೊಟ್ಟಗಾಗುತ್ತದೆ. ಮಗ್ಗದ ಮೇಲೆ ಅರ್ಧ ನೇಯ್ದು ಬಿಟ್ಟ ಹಾಸು ಕಲೆಯಾಗುತ್ತದೆ. ಆ ನೂಲೂ ಎಷ್ಟೋ ಕಡೆ ಅವನದಲ್ಲ, ಮಾಲಕ ಕೊಟ್ಟದ್ದು. ಮಜೂರಿ ಸಿಗುವ ಬದಲು ನೂಲಿನ ಬಾಕಿ ಅವನ ಹೆಸರಿಗೆ ಏರುತ್ತದೆ. ವಿದ್ಯುತ್ ಮಗ್ಗ ಇದ್ದವರಿಗೆ ಮೋಟಾರಿನ ಖರ್ಚು ಬೇರೆ. ಅತ್ತ ಗೋಕಾಕ ಸೀಮೆಯಲ್ಲಿ ಗಣಪತಿ ಮಾಡುವ ಮನೆಗಳವರಿಗೆ ಸೆಪ್ಟೆಂಬರ್ 2ರ ಚೌತಿ ಇನ್ನೂ ಒಂದು ತಿಂಗಳೂ ದೂರವಿರಲಿಲ್ಲ. ಸುಡದ ಮಣ್ಣಿನ ಮೂರ್ತಿಗೆ ನೀರು ತಾಗಿದರೆ ದುರಸ್ತಿ ಎಂಬುದೇ ಇಲ್ಲ.

ವಿಮೆ ಇರಲಿಲ್ಲವೇ ಎಂದು ಪೇಟೆಯ ನೆಂಟರೆಲ್ಲ ಕೇಳಿದರು. ಇತ್ತು. ಸಾಲ ಕೊಟ್ಟ ಬ್ಯಾಂಕು ತನ್ನ ಸಾಲದ ಮಟ್ಟಿಗೆ ಮಾಡಿಸಿದ್ದು, ಮೊತ್ತ ಮೊದಲ ವರ್ಷದ್ದೇ. ಇಲ್ಲಿ ವಿಮೆಯ ಒಂದು ಗಣಿತ ತಿಳಿದಿರಬೇಕು. ಮೂರು ಲಕ್ಷದ ಸರಕಿಗೆ ಒಂದು ಲಕ್ಷದ ವಿಮೆ ಮಾಡಿಸಿದ್ದರೆ, ಒಂದು ಲಕ್ಷದ ಸರಕು ಹಾಳಾದಾಗ ಒಂದು ಲಕ್ಷ ಬರುವುದಿಲ್ಲ. ಉಳಿದ ಎರಡು ಪಾಲಿಗೆ ನೀವೇ ವಿಮೆದಾರರು ಎಂದು ಕಂಪನಿ ಲೆಕ್ಕ ಹಾಕಿ ಮೂರನೇ ಒಂದು ಭಾಗ ಕೊಡುತ್ತದೆ. ಅದಕ್ಕೂ ಸರ್ವೇಯರಿಗೆ ಖರೀದಿ ಬಿಲ್ಲು ತೋರಿಸಬೇಕು, ದಾಸ್ತಾನು ಪುಸ್ತಕ ತೋರಿಸಬೇಕು. ಅವು ಉದ್ರಿ ವಹಿಯ ಪಕ್ಕದಲ್ಲೇ ಇದ್ದವು. 2021ರ ಏಪ್ರಿಲ್‌ನಿಂದ ಸಣ್ಣ ಉದ್ದಿಮೆಗಳಿಗಾಗಿ ‘ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ’ ಎಂಬ ಪಾಲಿಸಿ ಬಂದಿದೆ; ನೆರೆಯ ಹಾನಿ ಅದರಲ್ಲಿ ಸೇರಿಯೇ ಇರುತ್ತದೆ, ಶೇ 15ರವರೆಗೆ ಕಡಿಮೆ ಮೊತ್ತಕ್ಕೆ ಮಾಡಿಸಿದ್ದರೂ ಕಡಿತವಿಲ್ಲ. ಹಳ್ಳಿಯ ಅಂಗಡಿಗೆ ಹೊಂದುವ ಪಾಲಿಸಿ. ಅದನ್ನು ಹಳ್ಳಿಯ ಅಂಗಡಿಯ ಬಾಗಿಲಿಗೆ ತಂದು ಮಾರಿದ ಏಜೆಂಟನನ್ನು ನಾನಂತೂ ಕಂಡಿಲ್ಲ.

ಬಟ್ಟೆ ಅಂಗಡಿ, ಹಾರ್ಡ್‌ವೇರ್ ಅಂಗಡಿಯಂಥ ಸ್ವಲ್ಪ ದೊಡ್ಡವರಿಗೆ ಇನ್ನೊಂದು ಪೆಟ್ಟು ಕಾದಿರುತ್ತದೆ. ಸರಕು ಕೊಳ್ಳುವಾಗ ಕಟ್ಟಿದ ಜಿಎಸ್‌ಟಿಯನ್ನು ಮಾರುವಾಗ ವಜಾ ಮಾಡಿಕೊಳ್ಳುವ ಸವಲತ್ತು ಇದೆಯಲ್ಲ, ಕಾನೂನಿನ 17(5)ನೇ ಕಲಮಿನ ಪ್ರಕಾರ ಕಳೆದುಹೋದ, ಕಳುವಾದ, ನಾಶವಾದ ಸರಕಿಗೆ ಅದು ಸಿಗುವುದಿಲ್ಲ. ಆಗಲೇ ಪಡೆದಿದ್ದರೆ ಹಿಂದಿರುಗಿಸಬೇಕು. ಹೊಳೆಗೆ ಹೋದ ಸೀರೆಯ ಮೇಲಿನ ತೆರಿಗೆಯನ್ನು ಸೀರೆ ಕಳೆದುಕೊಂಡವನೇ ಭರಿಸಬೇಕು. ಇದನ್ನು ಬರೆದವರಿಗೆ ಕೆಟ್ಟ ಉದ್ದೇಶವಿತ್ತು ಎನ್ನಲಾರೆ, ಕಳ್ಳಲೆಕ್ಕ ತಡೆಯಲು ಮಾಡಿದ್ದಿರಬೇಕು. ನೆರೆಪೀಡಿತ ಎಂದು ಸರ್ಕಾರವೇ ಘೋಷಿಸಿದ ತಾಲ್ಲೂಕಿಗೂ ಅದೇ ಕಲಮು ಅನ್ವಯಿಸುವುದು ಮಾತ್ರ ನನಗೆ ಅರಗುವುದಿಲ್ಲ.

ಮಾವ ಹೊಸ ಸಾಲ ಮಾಡಿ ಸೆಪ್ಟೆಂಬರಿನಲ್ಲಿ ಅಂಗಡಿ ತೆರೆದರು. ಅಕ್ಟೋಬರಿನ ಮೂರನೇ ವಾರ, ದೀಪಾವಳಿ ಹತ್ತಿರವಿರುವಾಗ, ಮಲಪ್ರಭೆ ಇನ್ನೊಮ್ಮೆ ಬಂತು. ಪಾಡ್ಯಕ್ಕೆ ಪೂಜೆ ಮಾಡಿ ತೆರೆಯಬೇಕಾದ ಹೊಸ ಕೀರ್ದಿ ಪುಸ್ತಕವನ್ನು ಈ ಸಲ ಅವರು ಹೊಟ್ಟೆಗೆ ಕಟ್ಟಿಕೊಂಡು ಹೋದರು, ಆದರೆ ಅದರಲ್ಲಿ ಇನ್ನೂ ಏನೂ ಬರೆದಿರಲಿಲ್ಲ. ಎರಡನೇ ಸಲ ಸಗಟು ವ್ಯಾಪಾರಿ ಉದ್ರಿ ಕೊಡಲಿಲ್ಲ. ಅವನ ಎಷ್ಟು ಹಣ ಹೀಗೆ ಹೊಳೆಸಾಲಿನ ಅಂಗಡಿಗಳಲ್ಲಿ ಮುಳುಗಿತ್ತೋ. ಅಂಗಡಿ ಮುಚ್ಚಿತು. ಮುಂದಿನ ಮಾರ್ಚ್‌ನಲ್ಲಿ ಲಾಕ್‌ಡೌನ್ ಆದಾಗ ದೇಶದಲ್ಲಿ ತೆರೆದಿರಲು ಅನುಮತಿ ಸಿಕ್ಕ ಕೆಲವೇ ಅಂಗಡಿಗಳಲ್ಲಿ ಕಿರಾಣಿ ಅಂಗಡಿಯೂ ಒಂದು.

ಅವರ ಮಗ ಈಗ ಹುಬ್ಬಳ್ಳಿಯ ಒಂದು ದೊಡ್ಡ ಮಾರ್ಟಿನಲ್ಲಿ ದಾಸ್ತಾನು ನೋಡಿಕೊಳ್ಳುತ್ತಾನೆ. ತಿಂಗಳ ಸಂಬಳ, ವಾರಕ್ಕೊಂದು ರಜೆ. ಅಂಗಡಿಯಲ್ಲಿದ್ದಾಗ ಅವನಿಗೆ ಇವೆರಡೂ ಇರಲಿಲ್ಲ. ಮರಳಿ ಬರುವ ಮಾತನ್ನು ಅವನು ಆಡುವುದಿಲ್ಲ, ಆಡಬೇಕೆಂದು ಮಾವನೂ ಬಯಸುವುದಿಲ್ಲ. ಕೇಂದ್ರದ ದರಪಟ್ಟಿ 2022ರಲ್ಲಿ ಪರಿಷ್ಕೃತವಾಗಿ ನೇಕಾರರಂಥ ಕುಶಲಕರ್ಮಿಗಳ 4,100 ರೂಪಾಯಿ 5,000 ಆಯಿತು. ಅಂಗಡಿಯ ಸಾಲು ಅದರಲ್ಲೂ ಬರಲಿಲ್ಲ. ಸಗಟು ವ್ಯಾಪಾರಿಯ ಹಳೇ ಬಾಕಿಯನ್ನು ಮಾವ ಅಂಗಡಿಯ ಜಾಗ ಮಾರಿ ತೀರಿಸಿದರು. ಕೊಂಡ ಹುಡುಗರು ಅಲ್ಲಿ ಮೊಬೈಲ್ ಅಂಗಡಿ ಹಾಕಿದ್ದಾರೆ, ಗೋಡೆಗಳಿಗೆ ಹೊಳಪಿನ ಫಲಕ ಹೊಡೆಸಿದ್ದಾರೆ, 2009ರದೂ 2019ರದೂ ಎರಡು ಕಲೆಗಳೂ ಅದರ ಹಿಂದೆ ಹೋಗಿವೆ. ಚಾರ್ಜರ್ ಕೊಳ್ಳಲು ಹೋದಾಗ ವಿಮೆ ಮಾಡಿಸಿದ್ದೀರಾ ಎಂದು ಕೇಳಿದೆ. ‘ಮಾಡಸ್ಬೇಕ್ರೀ ಸರ್’ ಎಂದರು.