ಸಾಕೆಟ್‌ಗೆ ಕೂತರೆ ಸಾಕೇ? ಪ್ರೊಸೆಸರ್ ಕೊಳ್ಳುವ ಮುನ್ನ ಮದರ್‌ಬೋರ್ಡನ್ನು ಕೇಳಿ

2025ರ ದೀಪಾವಳಿ ಮುಗಿದ ಮರುವಾರ ಟಿ. ನರಸೀಪುರದಿಂದ ಸೋದರಮಾವನ ಫೋನ್ ಬಂತು.

“ಕೂತ್ಕತ್ತು ಕನ ಅಳಿಮಯ್ಯ, ಆದ್ರ ಜೀವ ಬರ್ತಾ ಇಲ್ಲ.”

ಮಾವನದು ಒಂದು ಸಣ್ಣ ಡಿಟಿಪಿ ಅಂಗಡಿ. ಪಹಣಿ ಪ್ರಿಂಟ್, ಜಾತಿ-ಆದಾಯ ಪ್ರಮಾಣಪತ್ರದ ಅರ್ಜಿ, ಸ್ಕಾಲರ್‌ಶಿಪ್ ಫಾರಂ, ಲಗ್ನಪತ್ರಿಕೆ, ತಿಥಿ ಕಾರ್ಡು, ಎಲ್ಲವೂ 2017ರಲ್ಲಿ ಕೊಂಡ ಒಂದೇ ಡೆಸ್ಕ್‌ಟಾಪಿನಲ್ಲಿ. ಅದು ನಿಂತರೆ ಅಂಗಡಿಯೂ ನಿಂತಂತೆ. ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗೀತು. ಜನರ ಆಧಾರ್, ಬ್ಯಾಂಕ್ ವಿವರ ತುಂಬುವ ಮಷೀನಿನಲ್ಲಿ ಸುರಕ್ಷತಾ ಅಪ್‌ಡೇಟ್ ಇಲ್ಲದೆ ಕೆಲಸ ಮಾಡೋದು ಹೇಗೆ ಅನ್ನೋ ಚಿಂತೆ ಮಾವನಿಗೆ ಹತ್ತಿತ್ತು. ವಿಂಡೋಸ್ 11 ಹಾಕೋಣ ಅಂದರೆ, ನಿಮ್ಮ ಪ್ರೊಸೆಸರ್ ಹಳೆಯದು ಅಂತ ಕಂಪ್ಯೂಟರೇ ಹೇಳಿತು. ಇಂಟೆಲ್‌ನಲ್ಲಿ ಎಂಟನೇ ಜನರೇಷನ್‌ನಿಂದ ಮುಂದಿನವು ಬೇಕು. ಮಾವನದು ಏಳನೇ ಜನರೇಷನ್ ಐ3.

ಅಷ್ಟರಲ್ಲಿ ಯಾರೋ ಸಲಹೆ ಕೊಟ್ಟಿದ್ದಾರೆ: “ಏಳಕ್ಕೂ ಎಂಟಕ್ಕೂ ಸಾಕೆಟ್ ಒಂದೇ, ಎಲ್‌ಜಿಎ 1151. ಪ್ರೊಸೆಸರ್ ಮಾತ್ರ ಬದಲಾಯಿಸಿ.” ಮಾವ ಆನ್‌ಲೈನಿನಲ್ಲಿ ಸೆಕೆಂಡ್ ಹ್ಯಾಂಡ್ ಐ5-8400 ತರಿಸಿದರು. ಗುಂಡಿಗೆ ಸರಿಯಾಗಿ ಕೂತಿತು. ಫ್ಯಾನ್ ತಿರುಗಿತು. ಪರದೆ ಮಾತ್ರ ಕಪ್ಪು. ಮಾರಿದವನನ್ನು ಕೇಳಿದರೆ, ಮಾರಿದ ಮಾಲು ವಾಪಸ್ ಇಲ್ಲ ಅಂದನಂತೆ.

ಶನಿವಾರ ನಂಜನಗೂಡಿನಿಂದ ಬಸ್ ಹತ್ತಿದೆ. ಎಂಜಿನಿಯರಿಂಗ್ ಓದಿ ಪತ್ರಕರ್ತನಾದವನಿಗೆ ಕುಟುಂಬದಲ್ಲಿ ಉಳಿದಿರುವ ಮರ್ಯಾದೆ ಇಂಥ ಕರೆಗಳಲ್ಲೇ.

ಪಡಿತರ ಪಟ್ಟಿಯ ಲೆಕ್ಕ

ಮಾವನ ಪ್ರೊಸೆಸರ್ ಕೆಟ್ಟಿರಲಿಲ್ಲ, ಬೋರ್ಡೂ ಕೆಟ್ಟಿರಲಿಲ್ಲ. ಎರಡಕ್ಕೂ ಹೊಂದಾಣಿಕೆ ಇರಲಿಲ್ಲ, ಅಷ್ಟೇ.

ಹೊಂದಾಣಿಕೆಗೆ ಮೂರು ಬಾಗಿಲು. ಮೊದಲನೆಯದು ಸಾಕೆಟ್, ಅಂದರೆ ಪ್ರೊಸೆಸರ್ ಕೂರುವ ಜಾಗ. ಎರಡನೆಯದು ಚಿಪ್‌ಸೆಟ್, ಬೋರ್ಡಿನ ಮೇಲಿನ ಸಂಪರ್ಕಗಳನ್ನು ನಿಭಾಯಿಸುವ ಚಿಪ್. ಬೋರ್ಡಿನ ಹೆಸರಲ್ಲಿರುವ ಎಚ್110, ಬಿ450 ಇವೇ ಆ ಚಿಪ್‌ಸೆಟ್‌ನ ಗುರುತು. ಮೂರನೆಯದು ಬಯಾಸ್. ಕಂಪ್ಯೂಟರ್ ಆನ್ ಮಾಡಿದ ತಕ್ಷಣ ಮೊದಲು ಏಳುವ ಸಾಫ್ಟ್‌ವೇರ್ ಇದು. ಯಾವ ಪ್ರೊಸೆಸರನ್ನು ಹೇಗೆ ಎಬ್ಬಿಸಬೇಕು ಅನ್ನೋದು ಇದಕ್ಕೆ ಗೊತ್ತಿರಬೇಕು.

ನ್ಯಾಯಬೆಲೆ ಅಂಗಡಿಯನ್ನೇ ನೆನೆಸಿಕೊಳ್ಳಿ. ಚೀಲ ಹಿಡಿದು ಎದುರಿಗೇ ನಿಂತಿದ್ದರೂ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಅಕ್ಕಿ ಸಿಗಲ್ಲ. ಐ5-8400 ಸಾಕೆಟ್‌ಗೆ ಕೂತರೂ ಎಚ್110 ಬೋರ್ಡಿನ ಪಟ್ಟಿಯಲ್ಲಿ ಅದರ ಹೆಸರಿಲ್ಲ.

ಒಂದೇ 1151 ಯಾಕೆ ಎರಡಾಯಿತು? ಆರು, ಏಳನೇ ಜನರೇಷನ್‌ಗೆ 100 ಮತ್ತು 200 ಸರಣಿಯ ಚಿಪ್‌ಸೆಟ್. ಎಂಟು, ಒಂಬತ್ತಕ್ಕೆ 300 ಸರಣಿ: ಎಚ್310, ಬಿ360, ಬಿ365, ಝಡ್370 ಇತ್ಯಾದಿ. 2017ರಲ್ಲಿ ಬಂದ ಎಂಟನೇ ಜನರೇಷನ್‌ನಲ್ಲಿ ಐ5ಗೆ ನಾಲ್ಕರ ಬದಲು ಆರು ಕೋರ್ ಬಂದವು. ಅದಕ್ಕೆ ಹೆಚ್ಚು ವಿದ್ಯುತ್ ಬೇಕು, ಹಾಗಾಗಿ ಪಿನ್‌ಗಳ ಹಂಚಿಕೆ ಬದಲಿಸಿದೆವು ಅನ್ನೋದು ಇಂಟೆಲ್ ವಾದ. ಆದರೆ ಕೆಲವು ಹವ್ಯಾಸಿಗಳು ಬಯಾಸ್ ತಿದ್ದಿ, ಕೆಲವು ಪಿನ್‌ಗಳನ್ನು ಮುಚ್ಚಿ, ಹಳೆಯ ಬೋರ್ಡಿನಲ್ಲೇ ಹೊಸ ಪ್ರೊಸೆಸರ್ ಓಡಿಸಿ ತೋರಿಸಿದರು. ಮನೆಯಲ್ಲಿ ಯಾರೂ ಮಾಡಬೇಕಾದ ಸಾಹಸ ಅಲ್ಲ ಅದು. ಆದರೆ ಸಾಧ್ಯವೇ ಇರಲಿಲ್ಲ ಅನ್ನೋ ಮಾತು ಪೂರ್ತಿ ನಿಜ ಅಲ್ಲ ಅಂತ ಅದು ಹೇಳುತ್ತೆ.

ಗುಲಗಂಜಿಯಷ್ಟು ವ್ಯತ್ಯಾಸ

ಗುಂಜಾ ನರಸಿಂಹಸ್ವಾಮಿಯ ಊರಿನವರಿಗೆ ಗುಲಗಂಜಿಯ ತೂಕ ಎಷ್ಟು ಅಂತ ಹೇಳಿಕೊಡಬೇಕಿಲ್ಲ. ಕಾಶಿಗಿಂತ ಈ ಕ್ಷೇತ್ರ ಗುಲಗಂಜಿಯಷ್ಟು ಹೆಚ್ಚು ಅನ್ನೋದು ಅಲ್ಲಿನ ಪ್ರತೀತಿ. ಬೋರ್ಡಿನ ಹೆಸರಲ್ಲೂ ಒಂದು ಅಂಕಿಯ ವ್ಯತ್ಯಾಸಕ್ಕೆ ಅಷ್ಟೇ ಬೆಲೆ.

ಹತ್ತು, ಹನ್ನೊಂದನೇ ಜನರೇಷನ್ ಎರಡಕ್ಕೂ ಸಾಕೆಟ್ ಎಲ್‌ಜಿಎ 1200. ಆದರೆ ಎಚ್410, ಬಿ460 ಚಿಪ್‌ಸೆಟ್‌ಗಳು ಹತ್ತನೆಯದಕ್ಕೇ ನಿಲ್ಲುತ್ತವೆ. ಹನ್ನೊಂದಕ್ಕೆ ಎಚ್510, ಬಿ560 ಬೇಕು. ಹನ್ನೆರಡು, ಹದಿಮೂರು, ಹದಿನಾಲ್ಕಕ್ಕೆ ಎಲ್‌ಜಿಎ 1700. ಇಲ್ಲಿ ಎಚ್610, ಬಿ660 ಬೋರ್ಡುಗಳೂ ನಡೆಯುತ್ತವೆ, ಆದರೆ ಹದಿಮೂರು-ಹದಿನಾಲ್ಕು ಹಾಕಬೇಕಾದರೆ ಬಯಾಸ್ ಅಪ್‌ಡೇಟ್ ಆಗಿರಬೇಕು.

ಎಎಂಡಿ ಕಥೆ ಸ್ವಲ್ಪ ಉದಾರ. 2017ರಲ್ಲಿ ಮೊದಲ ರೈಜನ್ ಕೂತ ಎಎಂ4 ಸಾಕೆಟ್‌ನಲ್ಲೇ ರೈಜನ್ 5000 ಸರಣಿಯೂ ಕೂರುತ್ತೆ. 2022ರ ಹೊತ್ತಿಗೆ ಮೊದಲ ತಲೆಮಾರಿನ 300 ಸರಣಿಯ ಹಲವು ಬೋರ್ಡುಗಳಿಗೂ ಬಯಾಸ್ ಮೂಲಕ ಆ ಬೆಂಬಲ ಸಿಕ್ಕಿತು. ಅಲ್ಲೂ ಗುಂಡಿಯೊಂದಿದೆ: ಹಳೇ ಬಯಾಸ್ ಇರುವ ಬಿ450 ಬೋರ್ಡಿಗೆ ನೇರವಾಗಿ ರೈಜನ್ 5000 ಹಾಕಿದರೆ ಪರದೆ ಬರಲ್ಲ. ಮೊದಲು ಹಳೆಯ ಪ್ರೊಸೆಸರ್ ಹಾಕಿ ಅಪ್‌ಡೇಟ್ ಮಾಡಬೇಕು, ಇಲ್ಲವೇ ಪ್ರೊಸೆಸರ್ ಇಲ್ಲದೆಯೂ ಅಪ್‌ಡೇಟ್ ಮಾಡುವ ಫ್ಲ್ಯಾಶ್‌ಬ್ಯಾಕ್ ಬಟನ್ ಬೋರ್ಡಿನಲ್ಲಿರಬೇಕು. ಅಪ್‌ಡೇಟ್ ಮಧ್ಯೆ ಕರೆಂಟ್ ಹೋದರೆ ಬೋರ್ಡೇ ಹೋಗಬಹುದು. ನಮ್ಮ ಕಡೆಯ ಕರೆಂಟ್ ನಂಬಿ ಯುಪಿಎಸ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ.

ಕೊಳ್ಳುವ ಮೊದಲು ಐದು ನಿಮಿಷ

ಸ್ಟಾರ್ಟ್ ಮೆನುವಿನಲ್ಲಿ ‘ಸಿಸ್ಟಮ್ ಇನ್ಫರ್ಮೇಶನ್’ ಅಂತ ಹುಡುಕಿ ತೆರೆಯಿರಿ. ‘ಬೇಸ್‌ಬೋರ್ಡ್ ಪ್ರಾಡಕ್ಟ್’ ಅನ್ನೋ ಸಾಲಿನಲ್ಲಿ ಬೋರ್ಡಿನ ಹೆಸರು, ‘ಬಯಾಸ್ ವರ್ಷನ್’ ಅನ್ನೋ ಸಾಲಿನಲ್ಲಿ ಅದರ ಆವೃತ್ತಿ ಇರುತ್ತೆ. ಎರಡನ್ನೂ ಬರೆದುಕೊಳ್ಳಿ. ಬೋರ್ಡ್ ತಯಾರಕರ ವೆಬ್‌ಸೈಟಿನಲ್ಲಿ ಆ ಮಾದರಿಯ ‘ಸಿಪಿಯು ಸಪೋರ್ಟ್ ಲಿಸ್ಟ್’ ತೆಗೆಯಿರಿ. ನೀವು ಕೊಳ್ಳಬೇಕೆಂದಿರುವ ಪ್ರೊಸೆಸರ್ ಅದರಲ್ಲಿದೆಯೇ, ಅದರ ಪಕ್ಕದಲ್ಲಿ ಕೊಟ್ಟಿರುವ ಬಯಾಸ್ ಆವೃತ್ತಿ ನಿಮ್ಮಲ್ಲಿದೆಯೇ ನೋಡಿ. ಎರಡಕ್ಕೂ ‘ಹೌದು’ ಅಂದರೆ ಮಾತ್ರ ದುಡ್ಡು ತೆಗೆಯಿರಿ.

ಪಟ್ಟಿಯಲ್ಲಿ ಇಲ್ಲದಿದ್ದರೆ ಬೋರ್ಡೂ ಬದಲಾಗಬೇಕು. ಆಗ ಖರ್ಚು ಬೋರ್ಡಿಗೇ ನಿಲ್ಲಲ್ಲ. ಡಿಡಿಆರ್3, 4, 5 ರ್‍ಯಾಮ್‌ಗಳು ಒಂದರ ಜಾಗದಲ್ಲಿ ಇನ್ನೊಂದು ಕೂರಲ್ಲ. ಎಲ್‌ಜಿಎ 1700 ಬೋರ್ಡುಗಳಲ್ಲಿ ಡಿಡಿಆರ್4ರದ್ದೂ ಇವೆ, 5ರದ್ದೂ ಇವೆ; ಎಎಂ5ನಲ್ಲಿ ಡಿಡಿಆರ್5 ಮಾತ್ರ. 1151ರ ಕೂಲರ್ 1200ಕ್ಕೆ ಆಗುತ್ತೆ, 1700ಕ್ಕೆ ಆಗಲ್ಲ, ತೂತುಗಳ ಅಂತರ ಬೇರೆ. ಇಂಟೆಲ್ ಹೆಸರಿನ ಕೊನೆಯಲ್ಲಿ ‘ಎಫ್’ ಇದ್ದರೆ ಒಳಗೆ ಗ್ರಾಫಿಕ್ಸ್ ಇಲ್ಲ, ಬೇರೆ ಕಾರ್ಡ್ ಬೇಕು. ಲಗ್ನಪತ್ರಿಕೆ ಮಾಡೋರಿಗೆ ಅದು ದಂಡದ ಖರ್ಚು. ಬ್ರ್ಯಾಂಡೆಡ್ ಡೆಸ್ಕ್‌ಟಾಪ್ ಆಗಿದ್ದರೆ ಪೆಟ್ಟಿಗೆ ತೆಗೆದು ನೋಡಿ. ಹಲವು ಕಂಪನಿಗಳ ಪವರ್ ಕನೆಕ್ಟರ್, ಸ್ಕ್ರೂ ಜಾಗ ಎಲ್ಲ ಅವರವರದೇ, ಹೊರಗಿನ ಬೋರ್ಡ್ ಕೂರದೇ ಇರಬಹುದು. ಕಂಪ್ಯೂಟರ್ ಜೊತೆಗೇ ಬಂದ ವಿಂಡೋಸ್ ಲೈಸೆನ್ಸ್ ಹಳೆಯ ಬೋರ್ಡಿಗೆ ಅಂಟಿಕೊಂಡಿರುತ್ತೆ, ಹೊಸದರಲ್ಲಿ ನಡೆಯದೇ ಹೋಗಬಹುದು. ಇದನ್ನೆಲ್ಲ ಕೂಡಿಸಿ ನೋಡಿದ ಮೇಲೆ ಅಪ್‌ಗ್ರೇಡೋ ಹೊಸ ಮಷೀನೋ ತೀರ್ಮಾನಿಸಿ.

ಮಾವನ ಅಂಗಡಿಗೆ ಏನಾಯ್ತು

ಮಾವನ ಅದೃಷ್ಟಕ್ಕೆ ಹಳೆಯ ಬೋರ್ಡಿನಲ್ಲಿದ್ದದ್ದು ಡಿಡಿಆರ್4 ರ್‍ಯಾಮ್. ಕ್ಯಾಬಿನೆಟ್ ಅಸೆಂಬಲ್ ಮಾಡಿಸಿದ್ದು. ಹಾಗಾಗಿ ಕೈಯಲ್ಲಿದ್ದ ಐ5-8400ಗೆ ತಕ್ಕ ಬೋರ್ಡ್ ಹುಡುಕೋದೇ ಅಗ್ಗದ ದಾರಿ. ಬೆಂಗಳೂರಿನ ಎಸ್‌ಪಿ ರಸ್ತೆಯಿಂದ ಗೆಳೆಯನೊಬ್ಬನ ಕೈಲಿ ಸೆಕೆಂಡ್ ಹ್ಯಾಂಡ್ ಎಚ್310 ತರಿಸಿದೆ. ಕೊಳ್ಳುವ ಮೊದಲು ಮೊಬೈಲ್ ಟಾರ್ಚ್ ಹಾಕಿ ಸಾಕೆಟ್ ನೋಡು ಅಂದಿದ್ದೆ: ಎಲ್‌ಜಿಎಯಲ್ಲಿ ಪಿನ್ ಇರೋದು ಬೋರ್ಡಿನಲ್ಲಿ, ಒಂದು ಬಾಗಿದ್ದರೂ ತಲೆನೋವು. ರ್‍ಯಾಮ್, ಕೂಲರ್, ಎಸ್‌ಎಂಪಿಎಸ್ ಹಳೆಯವೇ. ಹಾರ್ಡ್ ಡಿಸ್ಕಿನ ಬ್ಯಾಕಪ್ ತೆಗೆದು, ಬಯಾಸ್‌ನಲ್ಲಿ ‘ಪಿಟಿಟಿ’ ಆನ್ ಮಾಡಿ (ವಿಂಡೋಸ್ 11 ಕೇಳುವ ಟಿಪಿಎಂ ಇಂಟೆಲ್‌ನಲ್ಲಿ ಈ ಹೆಸರಲ್ಲಿರುತ್ತೆ) ವಿಂಡೋಸ್ 11 ಹಾಕಿದೆ. ನುಡಿ, ಬರಹ, ಪ್ರಿಂಟರ್ ಎಲ್ಲ ಓಡಿದವು.

“ಇಷ್ಟೇನಾ?” ಅಂದರು ಮಾವ. “ಇಷ್ಟೇ ಮಾವ. ಮೊದಲೇ ಒಂದು ಫೋನ್ ಮಾಡಿದ್ರೆ ಎರಡು ವಾರ ಅಂಗಡಿ ಮುಚ್ತಿರಲಿಲ್ಲ,” ಅಂದೆ.

ಹೇಳಿದ ಮೇಲೆ ನನಗೇ ನಾಚಿಕೆಯಾಯಿತು. ಅಳಿಯ ಎಂಜಿನಿಯರಿಂಗ್ ಓದಿರದ ಮನೆಯವರು ಯಾರಿಗೆ ಫೋನ್ ಮಾಡಬೇಕು? ಆ ಪಟ್ಟಿ ಇರೋದು ಇಂಗ್ಲಿಷಿನಲ್ಲಿ, ವೆಬ್‌ಸೈಟಿನ ನಾಲ್ಕನೇ ಪುಟದಲ್ಲಿ. ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಕಾಣೋದು ಸಾಕೆಟ್ ನಂಬರ್ ಮಾತ್ರ, ಮೋಸ ಹೋಗೋದೂ ಅದರಿಂದಲೇ. ಕಂಪನಿಗಳು ಬದಲಾಗುವವರೆಗೆ ನಮ್ಮ ಊರಿನ ಅಂಗಡಿಯವರು ಒಂದು ಕೆಲಸ ಮಾಡಬಹುದು: ಬಿಲ್ಲಿನಲ್ಲಿ ಬರೀ ‘ಮದರ್‌ಬೋರ್ಡ್ 1’ ಅಂತ ಬರೆಯದೆ ಮಾದರಿ ಹೆಸರು, ಬಯಾಸ್ ಆವೃತ್ತಿ, ಯಾವ ಜನರೇಷನ್‌ವರೆಗೆ ನಡೆಯುತ್ತೆ ಅನ್ನೋದನ್ನು ಬರೆದುಕೊಡಲಿ. ಬರೆದುಕೊಡದಿದ್ದರೆ ಕೊಳ್ಳುವ ನಾವೇ ಕೇಳಿ ಬರೆಸಿಕೊಳ್ಳೋಣ.

ಮಾವ ಈಗ ಎಚ್310 ಅಂತ ಒಂದು ಚೀಟಿಯಲ್ಲಿ ಬರೆದು ಕ್ಯಾಬಿನೆಟ್ ಮೇಲೆ ಅಂಟಿಸಿದ್ದಾರೆ. ಪಕ್ಕದಲ್ಲಿ ‘8, 9 ಮಾತ್ರ’ ಅಂತಲೂ ಇದೆ.