ಗುರುತಿಲ್ಲದ ಊರಿಗೆ ಮಗಳನ್ನು ಕಳಿಸುವ ಮುನ್ನ



ಯಲ್ಲಾಪುರ ಕಡೆಯ ಒಂದು ಸಂಘದ ವಾರದ ಸಭೆಗೆ ಹೋಗಿದ್ದೆ. ಉಳಿತಾಯ ಕಟ್ಟಿ ಮುಗಿದ ಮೇಲೆ ಒಬ್ಬ ತಾಯಿ ಸಾಲ ಕೇಳಿದರು. ಮಗಳು ಗೋವಾದಲ್ಲಿ ಮನೆಗೆಲಸಕ್ಕಿದ್ದಾಳೆ, ಅಲ್ಲಿಂದ ಫಾರಿನ್ನಿಗೆ ಕಳಿಸ್ತಾರಂತೆ, ಏಜೆಂಟರಿಗೆ ದುಡ್ಡು ಕೊಡಬೇಕು ಎಂದರು.

“ಗೋವಾದಲ್ಲಿ ಎಲ್ಲಿ ಇದ್ದಾಳೆ ಅಮ್ಮ?” ಎಂದು ಕೇಳಿದೆ.

“ಗೋವಾದಲ್ಲೇ ಸಿಸ್ಟರ್.”

“ಯಾವ ಊರು? ಯಾರ ಮನೆ?”

“ಅದೆಲ್ಲ ಗೊತ್ತಿಲ್ಲ. ಅವಳೇ ಫೋನ್ ಮಾಡ್ತಾಳೆ. ನಾವು ಮಾಡಿದ್ರೆ ಹತ್ತೂದಿಲ್ಲ.”

“ಫಾರಿನ್ ಅಂದ್ರೆ ಯಾವ ದೇಶ?”

“ದುಬೈಯೋ ಎಂತದೋ.”

ಅದೇ ಸಭೆಯಲ್ಲಿ ಸ್ವಲ್ಪ ಮೊದಲು ಇನ್ನೊಬ್ಬ ಸದಸ್ಯೆ ಎಮ್ಮೆ ಕೊಳ್ಳಲು ಸಾಲ ಕೇಳಿದ್ದರು. ಎಷ್ಟನೇ ಕರು, ಎಷ್ಟು ಲೀಟರ್ ಹಾಲು, ಯಾರ ಕೊಟ್ಟಿಗೆಯದು, ಹಾಯುತ್ತದೋ ಇಲ್ಲವೋ ಎಂದು ಎಲ್ಲರೂ ಅರ್ಧ ತಾಸು ವಿಚಾರಿಸಿದ್ದರು. ಮಗಳ ವಿಷಯಕ್ಕೆ ಎರಡೇ ನಿಮಿಷ! ನಾನು ಇದನ್ನು ಹೇಳಿದಾಗ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸಾಲವನ್ನು ಮುಂದಿನ ವಾರಕ್ಕೆ ಇಟ್ಟರು. ಆ ವಾರ ಮಗಳ ಫೋನ್ ಬಂದಾಗ ತಾಯಿ ವಿಳಾಸ ಕೇಳಿದರು. ತಾನು ಎಂಟು ತಿಂಗಳಿಂದ ಇರುವ ಬೀದಿಯ ಹೆಸರು ಆ ಹುಡುಗಿಗೇ ಗೊತ್ತಿರಲಿಲ್ಲ.

ಹೊರಗೆ ದುಡಿಯಲು ಹೋಗಬೇಡಿ ಎಂದು ನಾನು ಹೇಳುವುದಿಲ್ಲ. ಹೊಟ್ಟೆಪಾಡು ಯಾರಿಗೂ ಬಿಟ್ಟಿಲ್ಲ. ಆದರೆ ಯಾವ ದಾರಿಯಲ್ಲಿ ಮೋಸ ಕಾದಿದೆ ಎಂಬುದು ತಿಳಿದಿರಬೇಕು. ಮಾತಾಡಲು ಮುಜುಗರವಾಗುವ ವಿಷಯ ಇದು. ಮುಜುಗರಪಟ್ಟು ಸುಮ್ಮನಿದ್ದರೆ ಲಾಭ ಆಗುವುದು ದಲ್ಲಾಳಿಗೆ ಮಾತ್ರ.

ಲೈಂಗಿಕ ಪ್ರವಾಸ ಎಂದರೇನು?

ಜನ ಪ್ರವಾಸ ಹೋಗುವುದು ದೇವಸ್ಥಾನ, ಸಮುದ್ರ, ಜಲಪಾತ ನೋಡಲು. ಆದರೆ ಕೆಲವರು ದುಡ್ಡು ಕೊಟ್ಟು ಹೆಂಗಸರನ್ನು, ಮಕ್ಕಳನ್ನು ಬಳಸಿಕೊಳ್ಳುವುದಕ್ಕೆಂದೇ ಬೇರೆ ಊರಿಗೆ ಹೋಗುತ್ತಾರೆ. ಇದಕ್ಕೆ ಲೈಂಗಿಕ ಪ್ರವಾಸ ಎನ್ನುತ್ತಾರೆ. ತನ್ನ ಊರಲ್ಲಿ ಮರ್ಯಾದಸ್ಥನಾಗಿರುವವನು ಅಲ್ಲಿಗೆ ಯಾಕೆ ಹೋಗುತ್ತಾನೆ? ಅಲ್ಲಿ ಅವನ ಗುರುತು ಯಾರಿಗೂ ಇಲ್ಲ, ಅದಕ್ಕೇ.

ಥಾಯ್ಲೆಂಡ್ ದೇಶದ ಪಟ್ಟಾಯ ಒಂದು ಕಾಲದಲ್ಲಿ ಮೀನುಗಾರರ ಹಳ್ಳಿಯಾಗಿತ್ತು. 1960ರ ದಶಕದಲ್ಲಿ ವಿಯೆಟ್ನಾಂ ಯುದ್ಧಕ್ಕೆ ಬಂದ ಅಮೆರಿಕದ ಸೈನಿಕರು ರಜೆ ಕಳೆಯಲು ಅಲ್ಲಿಗೆ ಬರತೊಡಗಿದರು. ಅವರಿಗಾಗಿ ಬಾರುಗಳು ಎದ್ದವು, ಬಡ ಹಳ್ಳಿಗಳ ಹುಡುಗಿಯರನ್ನು ತಂದರು. ಯುದ್ಧ 1975ರಲ್ಲಿ ಮುಗಿಯಿತು, ದಂಧೆ ಮುಗಿಯಲಿಲ್ಲ. ಈಗ ನಮ್ಮ ದೇಶದಿಂದಲೂ ಗಂಡಸರು ಅಲ್ಲಿಗೆ ಹೋಗುತ್ತಾರೆ. ಆದ್ದರಿಂದ ಇದು ಬಿಳಿಯರು ಮಾತ್ರ ಮಾಡುವ ತಪ್ಪು ಎಂದು ತಿಳಿಯಬೇಡಿ.

ನಮಗೆ ಹತ್ತಿರದ ಉದಾಹರಣೆ ಗೋವಾ. ಮಡಗಾಂವ್ ಪಕ್ಕದ ಫಾತೋರ್ಡಾದಲ್ಲಿ ಫ್ರೆಡಿ ಪೀಟ್ಸ್ ಎಂಬವನು ಬಡ ಮಕ್ಕಳಿಗಾಗಿ ಆಶ್ರಮ ನಡೆಸುತ್ತಿದ್ದ. ಊಟ, ಬಟ್ಟೆ, ಶಾಲೆ ಎಲ್ಲ ಕೊಡುತ್ತೇನೆ ಎಂದು ಹೇಳುತ್ತಿದ್ದ. ಜನರು ಅವನನ್ನು ದೊಡ್ಡ ಮನುಷ್ಯ ಎಂದು ನಂಬಿದ್ದರು. 1991ರಲ್ಲಿ ಪೊಲೀಸರು ಹಿಡಿದಾಗ ಅವನಲ್ಲಿ ಮಕ್ಕಳ ಸಾವಿರಾರು ಅಶ್ಲೀಲ ಚಿತ್ರಗಳು, ನೆಗೆಟಿವ್‌ಗಳು ಸಿಕ್ಕವು. ವಿದೇಶದಿಂದ ಬರುವ ಗಂಡಸರಿಗೆ ಅವನು ಆ ಗಂಡುಮಕ್ಕಳನ್ನು ಒಪ್ಪಿಸುತ್ತಿದ್ದ. 1996ರಲ್ಲಿ ಅವನಿಗೆ ಜೀವಾವಧಿ ಶಿಕ್ಷೆ ಆಯಿತು. ಇದರಲ್ಲಿ ನಮಗೆ ಎರಡು ಪಾಠ ಇವೆ. ಅಪಾಯ ಹುಡುಗಿಯರಿಗೆ ಮಾತ್ರವಲ್ಲ, ಹುಡುಗರಿಗೂ ಇದೆ. ಕೆಡುಕು ಮಾಡುವವನು ಕೆಟ್ಟ ಮುಖ ಹೊತ್ತು ಬರುವುದಿಲ್ಲ, ಉಪಕಾರ ಮಾಡುವವನ ಹಾಗೆ ಬರುತ್ತಾನೆ.

ವಾಸ್ಕೋ ಹತ್ತಿರದ ಬೈನಾ ಸಮುದ್ರ ತೀರ ಇನ್ನೊಂದು ಉದಾಹರಣೆ. ಅಲ್ಲಿಯ ಕೆಂಪುದೀಪದ ಕೇರಿಯಲ್ಲಿ ನಮ್ಮ ಕರ್ನಾಟಕದ ಹೆಣ್ಣುಮಕ್ಕಳು ಬಹಳ ಇದ್ದರು. 2004ರ ಜೂನ್‌ನಲ್ಲಿ, ಮಳೆಗಾಲದಲ್ಲಿ, ಸರ್ಕಾರ ಆ ಗುಡಿಸಲುಗಳನ್ನು ಕೆಡವಿತು. ಗುಡಿಸಲು ಹೋಯಿತು, ದಂಧೆ ಲಾಡ್ಜುಗಳಿಗೆ, ಬಾಡಿಗೆ ಮನೆಗಳಿಗೆ ಚದುರಿತು. ಹಾಗಾಗಿ ಈಗ ಅದು ಇಂಥ ಕಡೆಯೇ ಇದೆ ಎಂದು ಬೆರಳು ಮಾಡಿ ತೋರಿಸಲಾಗುವುದಿಲ್ಲ.

ನಮ್ಮ ಜಿಲ್ಲೆಯಲ್ಲೂ ಗೋಕರ್ಣ, ಮುರ್ಡೇಶ್ವರ, ದಾಂಡೇಲಿ ಕಡೆ ಪ್ರವಾಸಿಗರು ಹೆಚ್ಚಾಗಿದ್ದಾರೆ. ಅದರಿಂದ ನಮ್ಮ ಅನೇಕ ಮಹಿಳೆಯರಿಗೆ ಕೆಲಸ ಸಿಕ್ಕಿದೆ, ಸಂತೋಷ. ಆದರೆ ಅಂಥ ಕಡೆ ಮಕ್ಕಳನ್ನು ಕೋಣೆಗೆ ಚಹಾ ಕೊಡಲು, ಅಪರಿಚಿತರ ಜತೆ ತಿರುಗಲು ಕಳಿಸಬೇಡಿ. ಗೋವಾದಲ್ಲಿ 2003ರ ಮಕ್ಕಳ ಕಾಯ್ದೆಯ ಪ್ರಕಾರ, ತನ್ನ ಕುಟುಂಬ ಅಥವಾ ಸಂಬಂಧಿಕರ ಜತೆ ಹೆಸರು ಬರೆಸಿ ತಂಗಿರುವ ಮಗುವನ್ನು ಬಿಟ್ಟು ಬೇರೆ ಮಗುವನ್ನು ಹೋಟೆಲಿನ ಕೋಣೆಗೆ ಬಿಡುವಂತಿಲ್ಲ. ಈ ನಿಯಮವನ್ನು ನಾವು ನಮ್ಮ ಊರಿನಲ್ಲೂ ಪಾಲಿಸಬಹುದಲ್ಲವೇ?

ಒಂದೇ ಊರು, ಎರಡು ಅನುಭವ

ಗುರುತಿಲ್ಲದ ಊರು ಆ ಪ್ರವಾಸಿಗೆ ಅನುಕೂಲ. ಅದೇ ಗುರುತಿಲ್ಲದ ಊರು ನಮ್ಮ ಹುಡುಗಿಗೆ ಬಲೆ. ಭಾಷೆ ಬಾರದು, ದಾರಿ ತಿಳಿಯದು, ಯಾರ ಬಾಗಿಲು ಬಡಿಯಬೇಕು ಗೊತ್ತಿಲ್ಲ. ದಲ್ಲಾಳಿಗೆ ಸರಪಳಿ ಬೇಕಿಲ್ಲ. ಅವಳ ಫೋನ್ ಮತ್ತು ಕಾಗದಪತ್ರ ತೆಗೆದಿಟ್ಟುಕೊಂಡು “ಹೊರಗೆ ಹೋದ್ರೆ ಪೊಲೀಸರು ಹಿಡೀತಾರೆ” ಎಂದರೆ ಸಾಕು.

ನಮ್ಮ ಸಿದ್ದಿ ಬಂಧುಗಳಿಗೆ ಇದು ಹಳೆಯ ಕಥೆ. ಅವರ ಹಿರಿಯರನ್ನು ಪೋರ್ಚುಗೀಸರು ಆಫ್ರಿಕಾದಿಂದ ಗೋವಾಕ್ಕೆ ಗುಲಾಮರಾಗಿ ತಂದರು. ತಪ್ಪಿಸಿಕೊಂಡವರು ಘಟ್ಟ ಹತ್ತಿ ಈ ಕಾಡು ಸೇರಿದರು. ದಾರಿ ಗೊತ್ತಿಲ್ಲದ ಕಾಡಿನಲ್ಲಿ ಅವರನ್ನು ಉಳಿಸಿದ್ದು ಒಬ್ಬರಿಗೊಬ್ಬರು ಇದ್ದದ್ದು. ಇವತ್ತು ಅವರ ಮೊಮ್ಮಕ್ಕಳು, ನಮ್ಮೆಲ್ಲರ ಮಕ್ಕಳು, ಅದೇ ಘಟ್ಟ ಇಳಿದು ಗೋವಾಕ್ಕೆ ಕೆಲಸಕ್ಕೆ ಹೋಗುವಾಗ ಒಬ್ಬೊಬ್ಬರೇ ಹೋಗಬಾರದು.

ಗಲ್ಫ್ ದೇಶಕ್ಕೆ ಹೋಗುವುದಾದರೆ

ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟು ಸಾಮಾನ್ಯವಾಗಿ ‘ಇ.ಸಿ.ಆರ್.’ ವರ್ಗದ್ದು. ಅಂಥವರು ಗಲ್ಫ್ ಮುಂತಾದ 18 ದೇಶಗಳಿಗೆ ಕೆಲಸಕ್ಕೆ ಹೋಗಬೇಕಾದರೆ 1983ರ ವಲಸೆ ಕಾಯ್ದೆಯಂತೆ ಸರ್ಕಾರದ ಅನುಮತಿ ಬೇಕು. ಇಂಥ ಪಾಸ್‌ಪೋರ್ಟಿನ ಮಹಿಳೆ ಮನೆಗೆಲಸಕ್ಕೆ ಹೋಗಲು 30 ವರ್ಷ ತುಂಬಿರಬೇಕು. 2016ರಿಂದ ಅವರ ನೇಮಕ ಸರ್ಕಾರಿ ಸಂಸ್ಥೆಗಳ ಮೂಲಕವೇ ಆಗಬೇಕು ಎಂಬ ನಿಯಮ ಬಂದಿದೆ. ಬೇರೆ ಕೆಲಸಗಳಿಗೆ ಕಳಿಸುವ ಪರವಾನಗಿ ಪಡೆದ ಏಜೆಂಟನೂ 30,000 ರೂಪಾಯಿ ಮತ್ತು ಅದರ ತೆರಿಗೆಗಿಂತ ಹೆಚ್ಚು ಶುಲ್ಕ ಕೇಳುವಂತಿಲ್ಲ.

ಹಾಗಾಗಿ 22 ವರ್ಷದ ಹುಡುಗಿಗೆ “ದುಬೈಯಲ್ಲಿ ಮನೆಗೆಲಸ, ಈಗ ಭೇಟಿ ವೀಸಾದಲ್ಲಿ ಹೋಗು, ಅಲ್ಲಿ ಎಲ್ಲ ಸರಿ ಮಾಡ್ತೇವೆ” ಎಂದು ಯಾರಾದರೂ ಹೇಳಿದರೆ ಅಲ್ಲೇ ನಿಲ್ಲಿಸಿ. ಭೇಟಿ ವೀಸಾದಲ್ಲಿ ಕೆಲಸ ಮಾಡುವುದು ಅಲ್ಲಿ ಅಪರಾಧ. ಆ ಹೆದರಿಕೆಯನ್ನೇ ಮುಂದಿಟ್ಟು ಅವಳಿಂದ ಬೇಡದ ಕೆಲಸ ಮಾಡಿಸುತ್ತಾರೆ.

ಇನ್ನೊಂದು ನೆನಪಿಡಿ. 1967ರ ಪಾಸ್‌ಪೋರ್ಟ್ ಕಾಯ್ದೆಯ ಪ್ರಕಾರ ಪಾಸ್‌ಪೋರ್ಟು ಭಾರತ ಸರ್ಕಾರದ ಆಸ್ತಿ. ಏಜೆಂಟನಾಗಲಿ ಮಾಲೀಕನಾಗಲಿ ಅದನ್ನು ತನ್ನದೆಂದು ಇಟ್ಟುಕೊಳ್ಳುವ ಹಕ್ಕಿಲ್ಲ.

ಹೊಸ ಊರನ್ನು ಗುರುತು ಮಾಡಿಕೊಳ್ಳುವುದು ಹೇಗೆ?

ಗೋವಾದ ಸರ್ಕಾರಿ ಬಸ್ಸಿನ ಮೇಲೆ ‘ಕದಂಬ’ ಎಂದು ಬರೆದಿರುತ್ತದೆ. ನಮ್ಮ ಬನವಾಸಿಯ ಕದಂಬರ ಹೆಸರೇ ಅದು. ಹೆಸರು ನಮ್ಮದಾದರೂ ಊರು ನಮ್ಮದಲ್ಲ, ದಾರಿ ಕಲಿಯಲೇಬೇಕು. ಮಡಗಾಂವ್ ಆಗಲಿ, ಮಸ್ಕತ್ ಆಗಲಿ, ಕಲಿಯುವ ರೀತಿ ಒಂದೇ.

1. ಹೋಗಿ ಮುಟ್ಟಿದ ದಿನವೇ ಮನೆ ನಂಬರು, ಕಟ್ಟಡದ ಹೆಸರು, ಬೀದಿ, ಹತ್ತಿರದ ದೊಡ್ಡ ಗುರುತು (ಆಸ್ಪತ್ರೆ, ಮಸೀದಿ, ಅಂಗಡಿ) ಮನೆಗೆ ತಿಳಿಸಬೇಕು. ಓದಲು ಬಾರದಿದ್ದರೆ ಬೋರ್ಡಿನ ಫೋಟೊ ತೆಗೆದು ವಾಟ್ಸಾಪಿನಲ್ಲಿ ಕಳಿಸಬೇಕು, ಲೊಕೇಶನ್ ಹಾಕಬೇಕು. ದುಬೈಯಲ್ಲಿ ಕಟ್ಟಡಗಳ ಬಾಗಿಲ ಹತ್ತಿರ ‘ಮಕಾನಿ’ ಎಂಬ 10 ಅಂಕಿಯ ಸಂಖ್ಯೆಯ ಫಲಕ ಇರುತ್ತದೆ. ಆ ಸಂಖ್ಯೆ ಒಂದಿದ್ದರೆ ಆ ಬಾಗಿಲು ಎಲ್ಲಿದೆ ಎಂದು ಪತ್ತೆ ಮಾಡಬಹುದು.

2. ಮೂರು ಫೋನ್ ನಂಬರು ಬಾಯಿಪಾಠ ಇರಬೇಕು: ಮನೆಯದು, ಸಂಘದ ಪ್ರತಿನಿಧಿಯದು, ಪೊಲೀಸರದು. ಫೋನ್ ಕಸಿದುಕೊಳ್ಳಬಹುದು, ನೆನಪನ್ನು ಕಸಿದುಕೊಳ್ಳಲಾಗದು. ವಿದೇಶದಿಂದ ಮನೆಗೆ ಮಾಡುವಾಗ ನಂಬರಿನ ಮುಂದೆ 0091 ಸೇರಿಸಬೇಕು. ಪೊಲೀಸರಿಗೆ ನಮ್ಮ ದೇಶದಲ್ಲಿ ಮತ್ತು ಕುವೈತಿನಲ್ಲಿ 112, ದುಬೈಯಲ್ಲಿ 999, ಒಮಾನಿನಲ್ಲಿ 9999.

3. ಪಾಸ್‌ಪೋರ್ಟು, ವೀಸಾ, ಕೆಲಸದ ಕರಾರು, ಆಧಾರ್ – ಇವುಗಳ ಝೆರಾಕ್ಸ್ ಮೂರು ಸೆಟ್ ಮಾಡಿ. ಒಂದು ಅವಳ ಬಟ್ಟೆಯ ನಡುವೆ, ಒಂದು ಮನೆಯಲ್ಲಿ, ಒಂದು ಸಂಘದ ಪೆಟ್ಟಿಗೆಯಲ್ಲಿ.

4. ವಾರದ ರಜೆ ಸಿಕ್ಕಾಗ ಕೋಣೆಯಲ್ಲೇ ಮಲಗಬಾರದು. ಜತೆಗಾತಿಯೊಂದಿಗೆ ಹಗಲಿನಲ್ಲಿ ಹೊರಟು ಬಸ್ ನಿಲ್ದಾಣ, ಪೊಲೀಸ್ ಠಾಣೆ, ಆಸ್ಪತ್ರೆಗೆ ನಡೆದು ದಾರಿ ಕಲಿಯಬೇಕು. ದುಬೈ ಮೆಟ್ರೋದಲ್ಲಿ ಮಹಿಳೆಯರಿಗೆ, ಮಕ್ಕಳಿಗೆ ಬೇರೆ ಜಾಗ ಇದೆ. ಟ್ಯಾಕ್ಸಿ ಹತ್ತುವ ಮೊದಲು ಅದರ ನಂಬರ್ ಪ್ಲೇಟಿನ ಫೋಟೊ ಮನೆಗೆ ಕಳಿಸಬೇಕು.

5. ವಾಪಸ್ ಬರುವಷ್ಟು ಅಥವಾ ಠಾಣೆ ಮುಟ್ಟುವಷ್ಟಾದರೂ ದುಡ್ಡು ಬೇರೆ ಇಟ್ಟುಕೊಂಡಿರಬೇಕು.

6. ಮನೆಯವರ ಜತೆ ಒಂದು ಗುಟ್ಟಿನ ಮಾತು ಇರಲಿ. ಫೋನಿನಲ್ಲಿ ಮಗಳು “ಹಲಸಿನ ಹಪ್ಪಳ ಮಾಡಿದ್ಯಾ ಆಯಿ?” ಎಂದು ಕೇಳಿದರೆ “ಕಷ್ಟದಲ್ಲಿದ್ದೇನೆ, ಪಕ್ಕದಲ್ಲಿ ಯಾರೋ ಇದ್ದಾರೆ” ಎಂದು ಅರ್ಥ. ಪಕ್ಕದವರಿಗೆ ಅದು ಬರೀ ಹಪ್ಪಳದ ಮಾತು.

ಕಷ್ಟ ಬಂದರೆ

ಮಗಳ ಸುದ್ದಿ ನಿಂತರೆ “ನಾಲ್ಕು ದಿನ ನೋಡೋಣ” ಎನ್ನಬೇಡಿ. ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ನಮ್ಮ ವ್ಯಾಪ್ತಿಗೆ ಬರುವುದಿಲ್ಲ ಎಂದು ವಾಪಸ್ ಕಳಿಸುವಂತಿಲ್ಲ. ಕಾಣೆಯಾದವರು 18 ವರ್ಷದೊಳಗಿನವರಾದರೆ ಎಫ್.ಐ.ಆರ್. ದಾಖಲಿಸಲೇಬೇಕು ಎಂದು 2013ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಮಕ್ಕಳ ಸಹಾಯವಾಣಿ 1098, ಮಹಿಳಾ ಸಹಾಯವಾಣಿ 181.

ವಿದೇಶದಲ್ಲಿದ್ದರೆ ಅಲ್ಲಿಯ ಭಾರತೀಯ ರಾಯಭಾರ ಕಚೇರಿಯೇ ನಮ್ಮ ಬಾಗಿಲು. ಟಿಕೆಟ್ಟಿಗೆ ಗತಿಯಿಲ್ಲದವರನ್ನು ವಾಪಸ್ ಕಳಿಸಲು 2009ರಿಂದ ಒಂದು ಕಲ್ಯಾಣ ನಿಧಿಯೂ ಅಲ್ಲಿದೆ. ಊರಿನಲ್ಲಿರುವ ನೀವು ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರಕ್ಕೆ 1800 11 3090 ನಂಬರಿನಲ್ಲಿ ಪುಕ್ಕಟೆ ಮಾತಾಡಬಹುದು.

ಮೋಸದಿಂದ, ಆಮಿಷದಿಂದ ಸಾಗಿಸಿ ಶೋಷಣೆಗೆ ಗುರಿಮಾಡುವುದು 2023ರ ಭಾರತೀಯ ನ್ಯಾಯ ಸಂಹಿತೆಯ ಕಲಂ 143ರಂತೆ ದೊಡ್ಡ ಅಪರಾಧ. ಕಡಿಮೆ ಎಂದರೂ 7 ವರ್ಷ ಜೈಲು. “ಅವಳೇ ಒಪ್ಪಿ ಬಂದಳು” ಎಂಬ ಮಾತು ಕಾನೂನಿನ ಮುಂದೆ ನಡೆಯುವುದಿಲ್ಲ. ಕಾನೂನಿನ ಮುಂದೆ ನಡೆಯದ ಆ ಮಾತು ನಮ್ಮ ಬಾವಿಕಟ್ಟೆಯಲ್ಲೂ ನಡೆಯಬಾರದು. ತಿರುಗಿ ಬಂದ ಹುಡುಗಿಯನ್ನು ಊರು ಆಡಿಕೊಂಡರೆ ಅವಳು ಮತ್ತೆ ಅದೇ ದಲ್ಲಾಳಿಯ ಬಾಗಿಲಿಗೆ ಹೋಗುತ್ತಾಳೆ, ಯಾಕೆಂದರೆ ಅವನೊಬ್ಬನೇ ಅವಳನ್ನು ಒಳಗೆ ಕರೆಯುವವನು.

ಸಂಘ ಏನು ಮಾಡಬಹುದು?

ಉಳಿತಾಯದ ವಹಿ ಇದೆ, ಸಾಲದ ವಹಿ ಇದೆ. ಇನ್ನೊಂದು ‘ಪ್ರಯಾಣದ ವಹಿ’ ಇಡಿ. ನೂರು ಪುಟದ ನೋಟ್‌ಬುಕ್ ಸಾಕು. ಊರಿನಿಂದ ಯಾರು ಹೊರಗೆ ಹೋದರೂ ಹೆಸರು, ವಿಳಾಸ, ಕರೆದುಕೊಂಡು ಹೋದವನ ಹೆಸರು ಮತ್ತು ಫೋನು, ಮನೆಗೆ ಕೊನೆಯ ಫೋನ್ ಬಂದ ದಿನ ಬರೆದಿಡಿ. ಪ್ರತಿ ತಿಂಗಳ ಮೊದಲ ಸಭೆಯಲ್ಲಿ ಓದಿ. ತನ್ನ ಹೆಸರು ವಹಿಯಲ್ಲಿ ಬರೆಯುತ್ತಾರೆ ಎಂದಾಗ ಹಿಂದೆ ಸರಿಯುವ ಏಜೆಂಟನ ಜತೆ ಮಗಳನ್ನು ಕಳಿಸಲೇಬೇಡಿ.

ಮೊದಲು ಹೇಳಿದ ತಾಯಿಯ ಮಗಳು ಹಬ್ಬಕ್ಕೆ ಊರಿಗೆ ಬಂದಿದ್ದಳು. ಏಜೆಂಟ ಮಾಡಿಸಹೊರಟಿದ್ದು ಭೇಟಿ ವೀಸಾ ಎಂದು ಆಗ ತಿಳಿಯಿತು. ಸಂಘ ಆ ಸಾಲ ಕೊಡಲಿಲ್ಲ. ಅವಳು ಈಗಲೂ ಗೋವಾದಲ್ಲೇ ದುಡಿಯುತ್ತಾಳೆ, ಬೇರೆ ಮನೆಯಲ್ಲಿ. ಆ ಮನೆಯ ವಿಳಾಸ ಪ್ರಯಾಣದ ವಹಿಯ ಮೊದಲ ಪುಟದಲ್ಲಿದೆ. ಅದನ್ನು ಬರೆದವಳು ಅವಳೇ.

ಸಭೆಯಲ್ಲಿ ಚರ್ಚಿಸಿ

* ನಮ್ಮ ಊರಿನಿಂದ ಎಷ್ಟು ಜನ ಹೊರಗೆ ದುಡಿಯಲು ಹೋಗಿದ್ದಾರೆ? ಎಷ್ಟು ಜನರ ಪೂರ್ತಿ ವಿಳಾಸ ನಮಗೆ ಗೊತ್ತು?
* ಪ್ರಯಾಣಕ್ಕೆ ಸಾಲ ಕೊಡುವ ಮುನ್ನ ಸಂಘ ಯಾವ ಪ್ರಶ್ನೆಗಳನ್ನು ಕೇಳಬೇಕು? ಠರಾವು ಬರೆಯಿರಿ.
* ನೊಂದು ತಿರುಗಿ ಬಂದವಳನ್ನು ನಮ್ಮ ಸಂಘಕ್ಕೆ ಸೇರಿಸಿಕೊಳ್ಳುತ್ತೇವೆಯೇ?